ತೂಕಡಿಸುತ್ತ ಹೇಳಿದ ತೇರ್ಸ್



ರಾತ್ರಿ ಎಂಟರ ಹೊತ್ತಿಗೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕ್ಯಾಥೋಲಿಕ್ ಮನೆಗಳ ಮುಂದೆ ಹಾದುಹೋದರೆ ಒಳಗಿನಿಂದ ತೇರ್ಸ್ ಹೇಳುವ ದನಿ ಕೇಳಿಸುತ್ತದೆ. ಜಪಸರ ಹಿಡಿದು ಮನೆಮಂದಿಯೆಲ್ಲ ಸೇರಿ ಮಾಡುವ ಪ್ರಾರ್ಥನೆ ಅದು. ಚಾರ್ಮಾಡಿ, ನೆರಿಯ ಕಡೆಯ ಮಲಯಾಳಿ ಕ್ರೈಸ್ತರು ಅದನ್ನೇ ಕೊಂತ ಎನ್ನುತ್ತಾರೆ. ಕಿವಿಗೊಟ್ಟು ಕೇಳಿದರೆ ಒಂದು ಸಂಗತಿ ತಿಳಿಯುತ್ತದೆ. ಮೊದಲ ಹತ್ತು ಮಣಿಗಳಿಗೆ ಐದು ಜನರ ದನಿ ಇದ್ದದ್ದು, ಮೂರನೆಯ ಹತ್ತಕ್ಕೆ ಬರುವಾಗ ಮೂರಾಗಿರುತ್ತದೆ. ಉಳಿದಿಬ್ಬರು ಎಲ್ಲಿಗೂ ಹೋಗಿಲ್ಲ, ಗೋಡೆಗೆ ಒರಗಿ ತೂಕಡಿಸುತ್ತಿದ್ದಾರೆ. ಹೆಚ್ಚಿನ ಮನೆಗಳಲ್ಲಿ ಆ ಇಬ್ಬರಲ್ಲಿ ಒಬ್ಬಳು ತಾಯಿ.

ಆ ತೂಕಡಿಕೆಯ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಧರ್ಮಶಾಸ್ತ್ರ ಓದಿದವಳಲ್ಲ, ಡಾಕ್ಟರೂ ಅಲ್ಲ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ನಮ್ಮ ವಾಳೆಯ, ಅಂದರೆ ಇಗರ್ಜಿಯ ವಾರ್ಡಿನ, ಮನೆಗಳಿಗೆ ಹೋಗಿಬರುವವಳು. ಕ್ರೈಸ್ತರಲ್ಲದ ಕೇಳುಗರಿಗೂ ಈ ಮಾತು ಹೊರಗಿನದಾಗಲಾರದು. ಭಜನೆಯ ಹೊತ್ತಿಗೆ ಕಣ್ಣು ಮುಚ್ಚಿಕೊಂಡವರಲ್ಲಿ ಎಷ್ಟು ಜನ ಭಕ್ತಿಯಿಂದ, ಎಷ್ಟು ಜನ ನಿದ್ದೆಯಿಂದ ಎಂಬುದನ್ನು ಅವರೂ ಬಲ್ಲರು.

ಆ ತಾಯಿಯ ದಿನ ಹೇಗೆ ಕಳೆದಿರುತ್ತದೆ? ಬೆಳಿಗ್ಗೆ ಅಡುಗೆ, ದನ, ಮಕ್ಕಳ ಶಾಲೆ ಮುಗಿಸಿ ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟು ಕೂತರೆ ಬೀಡಿಯ ಕೆಲಸ ಶುರು. ಎಲೆ ಕತ್ತರಿಸಬೇಕು, ಹೊಗೆಸೊಪ್ಪು ತುಂಬಿ ಸುತ್ತಬೇಕು, ನೂಲು ಕಟ್ಟಬೇಕು, ತುದಿ ಮಡಚಬೇಕು, ಆಮೇಲೆ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು ಒಪ್ಪಿಸಬೇಕು. ಮಜೂರಿ ಸಾವಿರದ ಲೆಕ್ಕ. ಸರಿಯಾಗಿಲ್ಲವೆಂದು ಬ್ರಾಂಚಿನಲ್ಲಿ ಬದಿಗೆ ಹಾಕಿದ ಬೀಡಿಗೆ ಎಲೆಯೂ ಹೋಯಿತು, ಹೊತ್ತೂ ಹೋಯಿತು. ಈ ಸೀಮೆಯಲ್ಲಿ ಎಷ್ಟೋ ಮನೆಗಳ ಸೋಗೆಯ ಮಾಡು ಹಂಚಿನದಾದದ್ದು, ಎಷ್ಟೋ ಹುಡುಗರು ಕಾಲೇಜು ಮೆಟ್ಟಲು ಹತ್ತಿದ್ದು ಈ ದುಡ್ಡಿನಿಂದ.

ಬೆಳ್ತಂಗಡಿಯ ಘಟ್ಟದ ತಪ್ಪಲಿಗೆ ಹೋದರೆ ರಬ್ಬರು. ತಿರುವಾಂಕೂರಿನ ಕಡೆಯಿಂದ ವಲಸೆ ಬಂದು ಇಲ್ಲಿ ತೋಟ ಮಾಡಿದ ಸಿರೋ ಮಲಬಾರ್ ಕ್ರೈಸ್ತರಿಗೆ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯವೇ ಆಯಿತು. ರಬ್ಬರು ಟ್ಯಾಪಿಂಗ್ ಬೆಳಗಿನ ತಂಪಿನ ಕೆಲಸ. ತಲೆಗೆ ದೀಪ ಕಟ್ಟಿಕೊಂಡು ನಸುಕಿಗೇ ಹೊರಡುವವರು ರಾತ್ರಿ ಎಂಟಕ್ಕೆ ಎಚ್ಚರವಾಗಿರಬೇಕೆಂದು ಬಯಸುವುದೇ ಅನ್ಯಾಯ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಚಾರ್ಮಾಡಿ, ದಿಡುಪೆ ಕಡೆ ತೋಟಗಳ ಮೇಲೆ ಮರಳು, ಮರದ ದಿಮ್ಮಿ ಬಂದು ಬಿದ್ದುವಲ್ಲ, ಅದನ್ನು ಎತ್ತಿ ಹಾಕಿದವರ ದಣಿವು ಇನ್ನೊಂದು ಬಗೆಯದು.

ಮತ್ತೆ ಹೊರದೇಶಕ್ಕೆ ಹೋದವರಿದ್ದಾರೆ. ನಮ್ಮ ಕಡೆಯ ಗಂಡಸರು, ಹೆಂಗಸರು ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿರುವುದು ನಿಮಗೆ ಗೊತ್ತೇ ಇದೆ. ಇಲ್ಲಿ ರಾತ್ರಿ 8 ಆದಾಗ ಅಲ್ಲಿ ಸಂಜೆ 4.30 ಇಲ್ಲವೇ 5.30. ಫೋನಿನಲ್ಲಿ ಮುಖ ನೋಡಿಕೊಂಡು ಮನೆಯವರೊಡನೆ ತೇರ್ಸಿಗೆ ಕೂರುತ್ತಾರೆ. ನಡುವೆ ತಾವು ನೋಡಿಕೊಳ್ಳುವ ಅಜ್ಜಿ ಕರೆದರೆ ಎದ್ದು ಹೋಗುತ್ತಾರೆ. ಇಲ್ಲಿ ಅವರ ಸ್ವಂತ ತಾಯಿ ಹಾಸಿಗೆ ಹಿಡಿದಿದ್ದರೆ, ಆಕೆಯನ್ನು ಮಗ್ಗುಲು ಹೊರಳಿಸುವವಳು ಸೊಸೆ. ಒಂದೇ ಕುಟುಂಬದ ಇಬ್ಬರು ಎರಡು ದೇಶಗಳಲ್ಲಿ ರಾತ್ರಿ ನಿದ್ದೆಗೆಟ್ಟು ಇಬ್ಬರು ಮುದುಕಿಯರನ್ನು ಕಾಯುತ್ತಿದ್ದಾರೆ. ದುಡ್ಡು ಸಿಗುವುದು ಒಬ್ಬರಿಗೆ ಮಾತ್ರ.

ಇಂಥವರು ನನ್ನ ಹತ್ತಿರ ಹೇಳಿಕೊಳ್ಳುವುದೇನು ಗೊತ್ತೇ? ಮೈಕೈ ನೋವನ್ನಲ್ಲ. "ಟೀಚರ್, ಪ್ರಾರ್ಥನೆಯಲ್ಲಿ ಮನಸ್ಸೇ ನಿಲ್ಲುವುದಿಲ್ಲ. ದೇವರಿಗೆ ಬೇಸರವಾಗಿರಬಹುದಾ?" ಪಾಪನಿವೇದನೆಗೆ ಹೋದಾಗಲೂ ಅದನ್ನೇ ಮೊದಲು ಹೇಳುತ್ತಾರೆ. ಬೇರೆ ಪಾಪ ಮಾಡಲು ಅವರಿಗೆ ಪುರುಸೊತ್ತಾದರೂ ಎಲ್ಲಿದೆ!

ಅವರಿಗೆ ನಾನು ಹೇಳುವುದು ಲಿಸ್ಯೂ ಮಠದ ಸಂತ ತೆರೇಸಳ ಸಂಗತಿ. ಲಿಟ್ಲ್ ಫ್ಲವರ್ ಎಂದು ನಮ್ಮಲ್ಲಿ ಎಲ್ಲರಿಗೂ ಪರಿಚಯ, ಕೈಯಲ್ಲಿ ಗುಲಾಬಿ ಹಿಡಿದ ಚಿತ್ರ ಅರ್ಧಕ್ಕರ್ಧ ಮನೆಗಳಲ್ಲಿ ಇದೆ. 15ನೆಯ ವಯಸ್ಸಿಗೆ ಕಾರ್ಮೆಲ್ ಮಠ ಸೇರಿ, 1897ರಲ್ಲಿ 24 ತುಂಬಿದ್ದಾಗ ಕ್ಷಯದಿಂದ ತೀರಿಕೊಂಡವಳು. ಧ್ಯಾನದ ಹೊತ್ತಿನಲ್ಲಿ ತನಗೆ ನಿದ್ದೆ ಬಂದುಬಿಡುತ್ತಿತ್ತೆಂದು ಆಕೆ ತನ್ನ ಆತ್ಮಕಥೆಯಲ್ಲಿ ಯಾವ ಅಳುಕೂ ಇಲ್ಲದೆ ಬರೆದಿದ್ದಾಳೆ. ಮಕ್ಕಳು ಎಚ್ಚರವಿದ್ದರೂ ಮಲಗಿದ್ದರೂ ತಂದೆತಾಯಿಗೆ ಪ್ರೀತಿ ಒಂದೇ ಎಂಬುದು ಆಕೆಯ ಸಮಾಧಾನ. ಹಿಂದಿನ ಪೋಪ್ ಫ್ರಾನ್ಸಿಸರೂ 2017ರಲ್ಲಿ ಇಟಲಿಯ ಟೀವಿ ಸಂದರ್ಶನದಲ್ಲಿ ಪ್ರಾರ್ಥಿಸುತ್ತ ತಮಗೂ ಒಮ್ಮೊಮ್ಮೆ ನಿದ್ದೆ ಹತ್ತುತ್ತದೆಂದು ಹೇಳಿ ಈ ತೆರೇಸಳನ್ನೇ ನೆನೆದರು.

ಇಷ್ಟು ಅನೇಕರಿಗೆ ಗೊತ್ತು. ತೆರೇಸ ಹೇಳಿದ ಇನ್ನೊಂದು ಮಾತನ್ನು ಮಾತ್ರ ನಮ್ಮ ಪ್ರವಚನಗಳಲ್ಲಿ ನಾನು ಕೇಳಿದ್ದು ಕಡಿಮೆ. ಒಬ್ಬಳೇ ಕೂತು ಜಪಸರ ಹೇಳುವುದು ತನಗೆ ಬಹಳ ಕಷ್ಟ, ಹೇಳಿಕೊಳ್ಳಲು ನಾಚಿಕೆ ಎನ್ನುತ್ತಾಳೆ ಆಕೆ. ಆದರೆ ಮಠದ ಸೋದರಿಯರ ಜೊತೆ ಸೇರಿ ಪ್ರಾರ್ಥಿಸುವಾಗ ತನ್ನ ಕೊರತೆಯನ್ನು ಅವರ ಭಕ್ತಿ ತುಂಬಿಕೊಡುತ್ತದೆಂದು ಅನ್ನಿಸುತ್ತದಂತೆ. ಕ್ಯಾಥೋಲಿಕರು ಇಷ್ಟು ಗೌರವಿಸುವ ಸಂತಳೇ ಹೀಗೆ ಹೇಳಿರುವಾಗ ಬಂಟ್ವಾಳದ ಬೀಡಿಯ ತಾಯಿಗೆ ನಾಚಿಕೆ ಯಾಕೆ?

ತೇರ್ಸಿನ ಕಟ್ಟೋಣವನ್ನೇ ನೋಡಿ. ಐದು ಹತ್ತುಗಳು, ಆರಂಭದ ಮೂರು ಸೇರಿ ಒಟ್ಟು 53 ಸಲ ಮರಿಯಮ್ಮನ ಪ್ರಾರ್ಥನೆ. ಪ್ರತಿ ಸಲವೂ ಮೊದಲರ್ಧವನ್ನು ಒಬ್ಬರು ಹೇಳುತ್ತಾರೆ, ಉಳಿದರ್ಧವನ್ನು ಮಿಕ್ಕವರು ಹೇಳಿ ಮುಗಿಸುತ್ತಾರೆ. ಯಾರೊಬ್ಬರೂ ಇಡಿಯಾಗಿ ಹೇಳುವುದಿಲ್ಲ. ಹೊಸ ಮಾತು ಹುಡುಕಬೇಕಾಗಿಲ್ಲ, ಗಂಟಲೆತ್ತಬೇಕಾಗಿಲ್ಲ. ಒಬ್ಬಳು ನಿದ್ದೆಗೆ ಜಾರಿದರೂ ಪ್ರಾರ್ಥನೆ ನಿಲ್ಲುವುದಿಲ್ಲ. ನಾಲ್ಕನೆಯ ಹತ್ತಕ್ಕೆ ಎಚ್ಚರವಾದರೆ ಅಲ್ಲಿಂದಲೇ ಸೇರಿಕೊಳ್ಳಬಹುದು, ಯಾರೂ ಲೆಕ್ಕ ಕೇಳುವುದಿಲ್ಲ. ಓದಿದವರು ಇದನ್ನು ಗಿಳಿಪಾಠವೆಂದು ಹಗುರಾಗಿ ಆಡುವುದುಂಟು. ಹರೆಯದಲ್ಲಿ, ಮೈಯಲ್ಲಿ ಕಸುವಿದ್ದಾಗ, ಮನಸ್ಸಿನಿಂದ ಹೊಮ್ಮಿದ ಪ್ರಾರ್ಥನೆಯೇ ಶ್ರೇಷ್ಠವೆನ್ನುವುದು ಸುಲಭ. ಮನಸ್ಸಿನಿಂದ ಏನೂ ಹೊಮ್ಮದ ದಿನಗಳಿಗೆ ಬಾಯಿಪಾಠವೇ ಬೇಕು.

ಇದು ಬರಿಯ ನನ್ನ ತರ್ಕವಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. 1799ರಲ್ಲಿ ಅವನು ಮಡಿದ ಮೇಲೆಯೇ ಅಳಿದುಳಿದವರು ಮರಳಿದ್ದು. ಇಲ್ಲಿನ ಇಗರ್ಜಿಗಳು ನೆಲಸಮವಾಗಿದ್ದವು. ಮೂಡುಬಿದಿರೆಯ ಜೈನ ಅರಸರಾದ ಚೌಟರ ಸ್ನೇಹದಿಂದ ಹೊಸಬೆಟ್ಟಿನ ಇಗರ್ಜಿ ಉಳಿದುಕೊಂಡಿತೆಂದು ನಮ್ಮ ಚರಿತ್ರೆ ನೆನೆಯುತ್ತದೆ. ಆ 15 ವರ್ಷ ಸೆರೆಯಲ್ಲಿದ್ದವರಿಗೆ ಇಗರ್ಜಿ ಎಲ್ಲಿ, ಪುಸ್ತಕ ಎಲ್ಲಿ? ಅಜ್ಜಿಯರ ಬಾಯಲ್ಲಿದ್ದ ನಾಲ್ಕು ಪ್ರಾರ್ಥನೆಗಳೇ ಆಸರೆಯಾಗಿದ್ದಿರಬೇಕು. ದಣಿದ ಕಾಲದಲ್ಲಿ ಹೊಸ ಪ್ರಾರ್ಥನೆ ಹುಟ್ಟುವುದಿಲ್ಲ, ಮೊದಲೇ ಕಲಿತದ್ದು ನಾಲಿಗೆಗೆ ಬರುತ್ತದೆ.

ಒಂದು ಆಕ್ಷೇಪ ಬರಬಹುದು. ಗೆತ್ಸೆಮನೆ ತೋಟದಲ್ಲಿ ಯೇಸು ಕಂಗೆಟ್ಟು ಪ್ರಾರ್ಥಿಸುತ್ತಿದ್ದಾಗ ಶಿಷ್ಯರು ಮಲಗಿಬಿಟ್ಟರು, ಅವರನ್ನು ಯೇಸು ಎಬ್ಬಿಸಿ, ಎಚ್ಚರವಾಗಿರಲು ಆಗಲಿಲ್ಲವೇ ಎಂದು ಕೇಳಲಿಲ್ಲವೇ ಎಂದು. ಕೇಳಿದರು, ನಿಜ. ಅವರ ಮನಸ್ಸು ಸಿದ್ಧವಿದೆ, ಮೈ ಸೋತಿದೆ ಎಂದೂ ಯೇಸುವೇ ಅರ್ಥ ಮಾಡಿಕೊಂಡರು. ಅಲ್ಲೇ ಮತ್ತಾಯನು ಬರೆದಿಟ್ಟ ಇನ್ನೊಂದು ಸಂಗತಿಯಿದೆ. ಮೂರನೆಯ ಸಲ ಹೋಗಿ ಯೇಸು ಹೊಸದೇನನ್ನೂ ಹೇಳಲಿಲ್ಲ, ಮೊದಲು ಹೇಳಿದ್ದನ್ನೇ ಹೇಳಿದರು. ಅವರಿಗೂ ಆ ರಾತ್ರಿ ಬೇರೆ ಮಾತಿರಲಿಲ್ಲ. ಸಂಗಾತಿಗಳು ಜೊತೆಗಿರಬೇಕೆಂದು ಅವರು ಬಯಸಿದ್ದನ್ನು ಮರೆಯುವುದು ಬೇಡ. ನೋವಿನಲ್ಲಿರುವವನು ಒಬ್ಬನೇ ಪ್ರಾರ್ಥಿಸಬೇಕಾಗಿ ಬಂದದ್ದೇ ಆ ರಾತ್ರಿಯ ದುಃಖ.

ಇನ್ನು ಬೈಬಲಿನ ಹಳೆಯ ಒಡಂಬಡಿಕೆಗೆ ಹೋಗೋಣ. ದಣಿದವರ ಪ್ರಾರ್ಥನೆ ಎಂದ ಕೂಡಲೇ ಪ್ರವಾದಿ ಎಲೀಯನ ಕತೆ ನೆನಪಾಗುತ್ತದೆ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯ. ಸೋತು ಕುಸಿದವನ ಕತೆಯಲ್ಲ ಇದು, ಗೆದ್ದು ಕುಸಿದವನದು. ಕರ್ಮೆಲ್ ಬೆಟ್ಟದಲ್ಲಿ ದೊಡ್ಡ ಗೆಲುವು, ಮೂರು ವರ್ಷದ ಬರಗಾಲ ಮುಗಿದು ಮಳೆ, ಆ ಮಳೆಯಲ್ಲಿ ಅರಸ ಅಹಾಬನ ರಥದ ಮುಂದೆ ಓಡಿದ ಹುರುಪು. ಅದರ ಬೆನ್ನಿಗೇ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಮನುಷ್ಯ ಮುರಿದುಬಿದ್ದ. ಬೇರ್ಷೆಬಕ್ಕೆ ಓಡಿದ, ಜೊತೆಗಿದ್ದ ಸೇವಕನನ್ನೂ ಅಲ್ಲೇ ಬಿಟ್ಟ, ಒಂದು ದಿನದ ದಾರಿ ಮರುಭೂಮಿಗೆ ನಡೆದು ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂಬರ್ಥದಲ್ಲಿ ಬೇಡಿಕೊಂಡು ಮಲಗಿಬಿಟ್ಟ.

ಇಂಥ ಪ್ರಾರ್ಥನೆಯನ್ನು ಇವತ್ತು ಯಾರಾದರೂ ನಮ್ಮ ಸಭೆಯಲ್ಲಿ ಗಟ್ಟಿಯಾಗಿ ಹೇಳಿದರೆ ಏನಾಗುತ್ತದೆ? ನಂಬಿಕೆ ಸಾಲದೆನ್ನುತ್ತೇವೆ. ಒಂಬತ್ತು ದಿನದ ನೊವೆನಾ ಮಾಡು ಎನ್ನುತ್ತೇವೆ, ಧ್ಯಾನಕೂಟಕ್ಕೆ ಹೋಗಿ ಬಾ ಎನ್ನುತ್ತೇವೆ. ದೇವದೂತ ಬಂದು ಎಲೀಯನಿಗೆ ಹೀಗೇನೂ ಹೇಳಲಿಲ್ಲ. ಮುಟ್ಟಿ ಎಬ್ಬಿಸಿದ, ಊಟ ಮಾಡು ಎಂದ. ಕೆಂಡದಲ್ಲಿ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ಅವನು ತಿಂದು ಮತ್ತೆ ಮಲಗಿದ. ದೂತ ಬಯ್ಯಲಿಲ್ಲ, ಎರಡನೆಯ ಸಲವೂ ಬಂದು ಊಟಕ್ಕೇ ಎಬ್ಬಿಸಿದ. ಆಮೇಲೆ 40 ದಿನದ ದಾರಿ, ಹೋರೇಬ್ ಬೆಟ್ಟ, ಬಿರುಗಾಳಿ, ಭೂಕಂಪ, ಬೆಂಕಿ, ಅದೆಲ್ಲ ಕಳೆದ ಮೇಲೆ ಬಂದ ಸಣ್ಣ ದನಿ. ಪ್ರವಚನಗಳೆಲ್ಲ ಆ ಸಣ್ಣ ದನಿಯ ಹತ್ತಿರ ನಿಂತುಬಿಡುತ್ತವೆ, ಕೇಳಲು ಚೆಂದವಾಗಿರುತ್ತದೆ.

ಕತೆ ಮಾತ್ರ ಅಲ್ಲಿ ನಿಲ್ಲುವುದಿಲ್ಲ. ನಾನೊಬ್ಬನೇ ಉಳಿದಿದ್ದೇನೆ ಎಂಬ ದೂರನ್ನು ಎಲೀಯ ಅಲ್ಲಿ ಎರಡು ಸಲ ಹೇಳುತ್ತಾನೆ, ಒಂದಕ್ಷರ ಬದಲಿಲ್ಲದೆ. ದೇವರು ಕೊಟ್ಟ ಉತ್ತರ ಆಡಳಿತದ ಉತ್ತರ. ನಿನ್ನಂಥವರು ಇನ್ನೂ 7,000 ಜನ ಇದ್ದಾರೆ, ಹೋಗಿ ಎಲೀಷನೆಂಬವನನ್ನು ನಿನ್ನ ಸ್ಥಾನಕ್ಕೆ ನೇಮಿಸು. ಅಂದರೆ, ದಣಿದವನಿಗೆ ಜೊತೆಗೊಬ್ಬ ಆಳು ಸಿಕ್ಕಿದ.

ಇಸ್ರಾಯೇಲ್ ಜನರನ್ನು ಮರುಭೂಮಿಯಲ್ಲಿ ನಡೆಸಿದ ಮೋಶೆಯದೂ ಇದೇ ಕತೆ. ಸಂಖ್ಯಾಕಾಂಡದ 11ನೆಯ ಅಧ್ಯಾಯದಲ್ಲಿ ಮಾಂಸ ಬೇಕೆಂದು ಜನ ಅಳುತ್ತ ಕೂತಾಗ ಮೋಶೆ ದೇವರ ಮೇಲೆಯೇ ರೇಗುತ್ತಾನೆ. ಈ ಜನರನ್ನು ಹೆತ್ತವನು ನಾನೋ, ಇವರನ್ನು ನಾನೊಬ್ಬನೇ ಹೊರಲಾರೆ, ಇದಕ್ಕಿಂತ ನನ್ನನ್ನು ಕೊಂದುಬಿಡು ಎಂಬ ಧಾಟಿ. ಉತ್ತರವಾಗಿ ದೇವರು ತಾಳ್ಮೆಯ ಪಾಠ ಹೇಳಲಿಲ್ಲ. ಹಿರಿಯರಲ್ಲಿ 70 ಜನರನ್ನು ಕರೆದು ತಾ, ಹೊರೆಯನ್ನು ಅವರೂ ಹೊರಲಿ ಎಂದರು.

ಸಾವನ್ನೇ ಬೇಡಿದ ಎರಡು ಪ್ರಾರ್ಥನೆಗಳು, ಎರಡಕ್ಕೂ ಸಿಕ್ಕಿದ್ದು ಕೆಲಸ ಹಂಚಿಕೊಳ್ಳುವ ಜನ. ಇದನ್ನು ಗಮನಿಸಿದ ಮೇಲೆ ದಣಿದವರಿಗೆ "ನಿಮಗಾಗಿ ಪ್ರಾರ್ಥಿಸುತ್ತೇನೆ" ಎಂದು ಹೇಳಿ ಹೊರಟುಬರುವುದು ನನಗೆ ಕಷ್ಟವಾಗಿದೆ. ಆ ಪ್ರಾರ್ಥನೆಗೆ ಉತ್ತರವಾಗಿ ದೇವರು ನನ್ನನ್ನೇ ಕಳಿಸಿದರೆ ಏನು ಗತಿ!

ನಮ್ಮ ಭಾನುವಾರವನ್ನೇ ತೆಗೆದುಕೊಳ್ಳಿ. ದೇವರ ದಿನ, ವಿಶ್ರಾಂತಿಯ ದಿನ. ವಿಮೋಚನಕಾಂಡದಲ್ಲಿ ಆ ಕಟ್ಟಳೆ ಕೊಡುವಾಗ ಯಾರೆಲ್ಲ ಕೆಲಸ ಮಾಡಬಾರದೆಂದು ಪಟ್ಟಿಯೇ ಇದೆ. ನೀನು, ಮಗ, ಮಗಳು, ಆಳು, ದಾಸಿ, ದನಕರು, ಊರಿನಲ್ಲಿರುವ ಪರದೇಶಿ. ಹೆಂಡತಿಯ ಹೆಸರು ಮಾತ್ರ ಇಲ್ಲ. "ನೀನು" ಎಂಬುದರಲ್ಲೇ ಅವಳೂ ಸೇರಿದ್ದಾಳೆಂದು ಪಂಡಿತರು ವಿವರಿಸುತ್ತಾರೆ. ನಮ್ಮ ಗಂಡಸರು ಆ ವಿವರಣೆ ಓದಿದಂತಿಲ್ಲ. ಸನ್ನಾಂಗೆ ಅಕ್ಕಿ ಅರೆಯುವುದು ಶನಿವಾರ ರಾತ್ರಿ, ಹಬೆಗಿಡುವುದು ಮೊದಲ ಪೂಜೆಗೆ ಮುಂಚೆ, ಮಾಂಸಕ್ಕೆ ಮಸಾಲೆ ಪೂಜೆಯಿಂದ ಬಂದ ಮೇಲೆ. ಮಧ್ಯಾಹ್ನ ಯಾರದೋ ಮನೆಯಲ್ಲಿ ಮದುವೆಗೆ ಮುಂಚಿನ ರೋಸ್ ಶಾಸ್ತ್ರ, ಸಂಜೆ ಸಂಘದ ಮೀಟಿಂಗ್. ಸೋಮವಾರ ಬೀಡಿಗೆ ಕೂತಾಗಲೇ ಅವಳಿಗೆ ಸೊಂಟ ಊರಲು ಸಿಗುವುದು.

ಪ್ರಾರ್ಥನೆಯನ್ನೂ ನಾವು ಹಾಗೆಯೇ ಬೆಳೆಸಿದ್ದೇವೆ. ತೇರ್ಸ್ ಮುಗಿಯಲು ಸುಮಾರು 20 ನಿಮಿಷ. ಅದರ ಹಿಂದೆ ಲದಿನ್ ಎಂಬ ಸ್ತುತಿಮಾಲೆ, ಅದರ ಹಿಂದೆ ಈ ಸಂತರಿಗೆ ಒಂದು, ಆ ಸಂತರಿಗೆ ಒಂದು, ತೀರಿಕೊಂಡವರಿಗೆ, ಪರೀಕ್ಷೆ ಬರೆಯುವವರಿಗೆ, ವೀಸಾ ಬರಬೇಕಾದವರಿಗೆ. ತೇರ್ಸಿಗಿಂತ ಬಾಲವೇ ಉದ್ದ. ಮೂಡುಬಿದಿರೆಯ ನಮ್ಮ ಜೈನ ನೆರೆಯವರ ಸಾಮಾಯಿಕಕ್ಕೆ 48 ನಿಮಿಷ, ಅಂದರೆ ಎರಡು ಘಳಿಗೆಯ ಅಳತೆ ಇದೆ. ಅಳತೆ ಇದ್ದರೆ ಮುಗಿಯುವುದೂ ಇರುತ್ತದೆ. ದಣಿದ ಮನೆಯಲ್ಲಿ ಒಂದು ಹತ್ತು ಮಾತ್ರ ಹೇಳಿ ಎದ್ದರೂ ಸಾಕೆಂದು ನನ್ನ ಅಭಿಪ್ರಾಯ. ಹಿರಿಯರು ಸಿಟ್ಟಾಗಬಾರದು.

ಮೈ ದಣಿದಾಗ ಕೈಗೆ ಕೆಲಸವಿದ್ದರೆ ಪ್ರಾರ್ಥನೆ ಸಲೀಸು ಎಂಬುದೂ ಹಳಬರಿಗೆ ಗೊತ್ತಿತ್ತು. ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸಿಗೆ ಕೂತ ಸಂತ ಅಂತೋಣಿಗೆ ಒಮ್ಮೆ ಬಹಳ ಜಿಗುಪ್ಸೆಯಾಯಿತಂತೆ. ಆಗ ತನ್ನಂತೆಯೇ ಒಬ್ಬ ಕೂತು ಹಗ್ಗ ಹೆಣೆಯುವುದು, ಎದ್ದು ಪ್ರಾರ್ಥಿಸುವುದು, ಮತ್ತೆ ಕೂತು ಹೆಣೆಯುವುದನ್ನು ಕಂಡ. ಹಾಗೆ ಮಾಡಿದರೆ ಬದುಕಿಕೊಳ್ಳುತ್ತೀ ಎಂದಿತು ದೇವದೂತನ ದನಿ. ತಡ್ಪೆಯ ಮುಂದೆ ಕೂತು ನೂಲು ಕಟ್ಟುತ್ತ ತುಟಿಯಲ್ಲೇ ಜಪ ಹೇಳಿಕೊಳ್ಳುವ ನಮ್ಮ ಹೆಂಗಸರು ಅಂತೋಣಿಯ ಕತೆ ಓದಿದವರಲ್ಲ. ರಾತ್ರಿಯ ತೇರ್ಸಿನಲ್ಲಿ ಅವರು ತೂಕಡಿಸಿದರೆ, ಹಗಲೇ ತಮ್ಮ ಪಾಲು ಮುಗಿಸಿದ್ದಾರೆಂದು ತಿಳಿದುಕೊಳ್ಳೋಣ.

ಇಷ್ಟು ಹೇಳಿ, ಒಂದು ಎಚ್ಚರಿಕೆಯ ಮಾತು. ನಿದ್ದೆ ಮಾಡಿದರೂ ಹೋಗದ ದಣಿವು ಇದೆ. ನ್ಯೂಯಾರ್ಕಿನಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ 1974ರಲ್ಲಿ ಅದನ್ನು ಬರ್ನ್‌ಔಟ್ ಎಂದು ಕರೆದು ಬರೆದ. ಅವನು ಅದನ್ನು ಕಂಡದ್ದು ಬಡವರ ಉಚಿತ ಚಿಕಿತ್ಸಾಲಯದಲ್ಲಿ, ಸೇವೆ ಮಾಡಲು ಉತ್ಸಾಹದಿಂದ ಬಂದವರಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದರ ಮೂರು ಗುರುತು ಹೇಳಿತು: ಕಸುವೆಲ್ಲ ಬತ್ತಿಹೋಗುವುದು, ಮಾಡುವ ಕೆಲಸದ ಮೇಲೆಯೇ ಹೇಸಿಗೆ, ಕೈಯಿಂದ ಏನೂ ಆಗುತ್ತಿಲ್ಲವೆಂಬ ಭಾವ. ಅದನ್ನು ರೋಗವೆಂದು ಕರೆಯಲಿಲ್ಲ, ನಿಭಾಯಿಸಲಾಗದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದಿತು. ಇದು ಆಸ್ಪತ್ರೆಯ ದಾದಿಯರಿಗೆ ಬರುತ್ತದೆ, ಶಾಲೆಯ ಟೀಚರುಗಳಿಗೆ ಬರುತ್ತದೆ, ಪಾದ್ರಿಗಳಿಗೂ ಸಿಸ್ಟರುಗಳಿಗೂ ಬರುತ್ತದೆ. ಭಾನುವಾರ ಮೂರು ಪೂಜೆ, ಎರಡು ಮದುವೆ, ಒಂದು ಶವಸಂಸ್ಕಾರ ಮುಗಿಸಿದ ಪಾದ್ರಿಯನ್ನು "ಫಾದರ್, ಪ್ರವಚನ ಇವತ್ತು ಸಪ್ಪೆ" ಎಂದು ಕೆಣಕುವವರು ಇದನ್ನು ನೆನಪಿಡಬೇಕು.

ದಣಿವು ಇನ್ನೂ ಆಳಕ್ಕಿಳಿದು, ಬದುಕೇ ಬೇಡವೆನ್ನಿಸಿದರೆ ಆ ಮಾತನ್ನು ಎಲೀಯನಂತೆ ಬಾಯಿಬಿಟ್ಟು ಹೇಳಿಬಿಡಿ. ದೇವರಿಗೂ ಹೇಳಿ, ಮನುಷ್ಯರಿಗೂ ಹೇಳಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ಬೇಡ, ಪ್ರಾರ್ಥನೆಯೊಂದೇ ಸಾಕೆಂದು ಯಾರಾದರೂ ಹೇಳಿದರೆ, ಅವರು ಎಷ್ಟೇ ದೊಡ್ಡ ಪ್ರಾರ್ಥನಾವೀರರಾಗಿರಲಿ, ಕೇಳಬೇಡಿ. ಎಲೀಯನ ಹತ್ತಿರ ಬಂದ ದೇವದೂತ ರೊಟ್ಟಿ ತಂದಿದ್ದ.

ಕೊನೆಗೆ ವಾಳೆಯ ಮುಂದಾಳುಗಳಾದ ಗುರ್ಕಾರರಿಗೆ ಒಂದು ಅರಿಕೆ. ಅಕ್ಟೋಬರ್ ಜಪಸರದ ತಿಂಗಳು, ಮನೆಮನೆಗೆ ಹೋಗಿ ತೇರ್ಸ್ ಹೇಳುತ್ತೇವೆ. ಯಾರ ಮನೆಯ ಸರದಿಯೋ ಅವರು ಹಿಂದಿನ ದಿನವೇ ಅಂಗಳ ಗುಡಿಸಿ, ಆಲ್ತಾರಿಗೆ ಹೂ ಕಟ್ಟಿ, 40 ಜನರಿಗೆ ತಿಂಡಿ ಕಾಫಿ ಮಾಡಿ, ಬಂದವರೆಲ್ಲ ಹೋದ ಮೇಲೆ ಲೋಟ ತೊಳೆಯುತ್ತ ನಿಲ್ಲುತ್ತಾರೆ. ಈ ಸಲ ಬೆಲ್ಲ, ನೀರು ಸಾಕೆಂದು ತಿಂಗಳ ಮೊದಲೇ ವಾಳೆಯಲ್ಲಿ ಹೇಳಿಬಿಡಿ. ಹಾಸಿಗೆ ಹಿಡಿದ ಹಿರಿಯರು ಯಾವ ಮನೆಯಲ್ಲಿದ್ದಾರೋ ಅಲ್ಲಿ ತೇರ್ಸ್ ಮುಗಿದ ಕೂಡಲೇ ಒಂದು ಹಾಳೆ ತೆಗೆದು, ವಾರದ ಯಾವ ರಾತ್ರಿ ಕಾಯಲು ಯಾರು ಬರುತ್ತೀರೆಂದು ಕೇಳಿ ಹೆಸರು ಬರೆದುಕೊಳ್ಳಿ. ಗಂಡಸರ ಹೆಸರೂ ಇರಲಿ. ಮೊದಲ ಹೆಸರು ಗುರ್ಕಾರರದ್ದೇ ಆದರೆ ಉಳಿದವು ತಾನಾಗಿ ತುಂಬುತ್ತವೆ.